ಗಾಲ್ಫನ್ನು ಕುಳಿಯ ಕಡೆಯಿಂದ ಕಲಿಯಬೇಕು

ಮೇಜಿನ ಮೇಲೆ ಎರಡು ವಸ್ತು ಇಟ್ಟಿದ್ದೇನೆ. ಒಂದು ಗಾಲ್ಫ್ ಚೆಂಡು, ಇನ್ನೊಂದು ನಮ್ಮ ಮನೆಯಲ್ಲಿ ನೀರು ಕುಡಿಯುವ ಸ್ಟೀಲ್ ಲೋಟ. ಗಾಲ್ಫ್ ಕಲಿಯಬೇಕೆಂದು ನನ್ನ ಹತ್ತಿರ ಬರುವವರಿಗೆ ಮೊದಲ ಎರಡು ವಾರಕ್ಕೆ ಇವೆರಡು, ನೆಲದ ಮೇಲೆ ಚೆಂಡು ಉರುಳಿಸುವ ಪಟ್ಟರ್ ಎಂಬ ಒಂದು ಕೋಲು, ಹಾಸಲು ಒಂದು ಜಮಖಾನ, ಇಷ್ಟು ಸಾಕು ಅನ್ನುತ್ತೇನೆ. ಹೆಚ್ಚಿನವರಿಗೆ ನಿರಾಸೆಯಾಗುತ್ತದೆ. ಟೀವಿಯಲ್ಲಿ ಅವರು ನೋಡಿದ ಗಾಲ್ಫ್ ಬೇರೆ. ಸೊಂಟ ತಿರುಗಿಸಿ, ಕ್ಲಬ್ಬನ್ನು, ಅಂದರೆ ಗಾಲ್ಫ್ ಕೋಲನ್ನು, ಬೆನ್ನ ಹಿಂದಕ್ಕೆ ಒಯ್ದು ಬೀಸಿ ಹೊಡೆದರೆ ಚೆಂಡು ಆಕಾಶಕ್ಕೆ! ಅದನ್ನು ಕಲಿಯಲು ಬಂದವರಿಗೆ ಲೋಟ ತೋರಿಸಿದರೆ ಮುಖ ಸಪ್ಪಗಾಗುವುದು ಸಹಜ. ಆದರೂ 16 ವರ್ಷ ಆಡಿ, ಅದರಲ್ಲಿ 11 ವರ್ಷ ಹೊಸಬರಿಗೆ ಹೇಳಿಕೊಟ್ಟ ಮೇಲೆ ನನ್ನ ಮಾತು ಇನ್ನಷ್ಟು ಗಟ್ಟಿಯಾಗಿದೆ. ಗಾಲ್ಫನ್ನು ಚೆಂಡು ಕೊನೆಗೆ ಬೀಳಬೇಕಾದ ಕುಳಿಯ ಕಡೆಯಿಂದ ಹಿಂದಕ್ಕೆ ಕಲಿಯಬೇಕು. ಮೊದಲು ಒಂದಡಿ, ಆಮೇಲೆ ಹತ್ತಡಿ, ಆಮೇಲೆ ಹತ್ತು ಗಜ, ನೂರು ಗಜ. ಇನ್ನೂರು ಗಜದ ಹೊಡೆತ ಕಟ್ಟಕಡೆಗೆ.

ನಾನು ಹಾಗೆ ಕಲಿಯಲಿಲ್ಲ, ಅದಕ್ಕೇ ಹೇಳುತ್ತಿದ್ದೇನೆ. ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿಯಾಗಿದ್ದೆ. ಖೋಖೋ, ಥ್ರೋಬಾಲ್, ಓಟ ಇವೇ ನನ್ನ ಪ್ರಪಂಚ. 44ನೇ ವಯಸ್ಸಿನಲ್ಲಿ ಮಂಡಿ ನೋವು ಶುರುವಾದಾಗ, ಓಡದೆ ಆಡುವ ಆಟ ಯಾವುದಾದರೂ ಇದೆಯೇ ಎಂದು ಹುಡುಕಿ, ಬೇಸಿಗೆ ರಜೆಯಲ್ಲಿ ಒಂದು ಊರಿನ ಡ್ರೈವಿಂಗ್ ರೇಂಜಿಗೆ, ಅಂದರೆ ಚೆಂಡನ್ನು ದೂರ ಹೊಡೆದು ಅಭ್ಯಾಸ ಮಾಡುವ ಬಯಲಿಗೆ, ಸೇರಿದೆ. ಮೊದಲ ದಿನವೇ ಕೋಚ್ ನನ್ನ ಕೈಗೆ ಡ್ರೈವರ್, ಅಂದರೆ ಅತಿ ದೂರ ಹೊಡೆಯುವ ಉದ್ದನೆಯ ಕ್ಲಬ್, ಕೊಟ್ಟರು. ಒಂದು ಬಕೆಟ್ ಚೆಂಡು ಪಕ್ಕದಲ್ಲಿಟ್ಟು, 'ಹೊಡೀತಾ ಇರಿ' ಎಂದು ಹೇಳಿ ಇನ್ನೊಬ್ಬರ ಕಡೆ ಹೋದರು. ಹೊಡೆದೆ. ಮೂರು ತಿಂಗಳು ಹೊಡೆದೆ. ನೂರರಲ್ಲಿ ಹತ್ತು ಚೆಂಡು ಮೇಲೆದ್ದರೆ ಹೆಚ್ಚು. ಸೊಂಟ ಹಿಡಿಯಿತು, ಎಡ ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದವು. ಆಟ ಬಿಟ್ಟೇ ಬಿಡುತ್ತೇನೆ ಅಂದುಕೊಂಡಿದ್ದೆ.

ಬಿಡದ ಹಾಗೆ ಮಾಡಿದವರು ಬೇರೊಂದು ಕೋರ್ಸಿನ, ಅಂದರೆ ಗಾಲ್ಫ್ ಮೈದಾನದ, ಹಿರಿಯ ಕ್ಯಾಡಿ. ಹುಡುಗನಾಗಿದ್ದಾಗಿನಿಂದ ಆಟಗಾರರ ಕ್ಲಬ್ಬುಗಳ ಬ್ಯಾಗ್ ಹೊತ್ತವರು. ಪರಿಚಯದವರ ಜೊತೆ ಅತಿಥಿಯಾಗಿ ಹೋಗಿದ್ದ ನನ್ನ ನಾಲ್ಕು ಹೊಡೆತ ನೋಡಿದರು. ಏನೂ ಹೇಳಲಿಲ್ಲ. ಒಂಬತ್ತು ಹೋಲ್, ಅಂದರೆ ಒಂಬತ್ತು ಕುಳಿಯ ಆಟ, ಮುಗಿದ ಮೇಲೆ ಅಭ್ಯಾಸದ ಗ್ರೀನಿಗೆ, ಅಂದರೆ ಕುಳಿಯ ಸುತ್ತ ಹುಲ್ಲನ್ನು ನುಣ್ಣಗೆ ಕತ್ತರಿಸಿದ ಜಾಗಕ್ಕೆ, ಕರೆದುಕೊಂಡು ಹೋಗಿ, ಚೆಂಡನ್ನು ಕುಳಿಯಿಂದ ಒಂದಡಿ ದೂರದಲ್ಲಿಟ್ಟು, 'ಮೇಡಂ, ಇದನ್ನ ಒಳಗೆ ಹಾಕಿ' ಅಂದರು. ಹಾಕಿದೆ. ಇನ್ನೊಂದು. ಹಾಕಿದೆ. ಇಪ್ಪತ್ತು ಸಲ ಚೆಂಡು ಕುಳಿಯೊಳಗೆ ಬಿದ್ದ ಸದ್ದು ಕೇಳಿದ ಮೇಲೆ ಎರಡಡಿಗೆ ಸರಿಸಿದರು. 'ಹತ್ತಿರದ್ದು ಮೊದಲು ಕಲೀರಿ ಮೇಡಂ, ದೂರದ್ದು ಅದರ ಹಿಂದೇನೇ ಬರುತ್ತೆ.' ಆವತ್ತು ಸಂಜೆ ಮನೆಗೆ ಹೋಗುವಾಗ ನನ್ನ ಕಿವಿಯಲ್ಲಿ ಆ ಸದ್ದೇ ಇತ್ತು. ಮೂರು ತಿಂಗಳಲ್ಲಿ ಒಮ್ಮೆಯೂ ಕೇಳದಿದ್ದ ಸದ್ದು ಅದು. ಡ್ರೈವಿಂಗ್ ರೇಂಜಿನಲ್ಲಿ ಕುಳಿಯೇ ಇರುವುದಿಲ್ಲವಲ್ಲ.

ನಿಮ್ಮಲ್ಲಿ ಗೋಲಿ ಆಡಿದವರು ಬಹಳ ಜನ ಇದ್ದೀರಿ. ಗೋಲಿ ಆಟದಲ್ಲಿ ಏನು ಮಾಡುತ್ತಿದ್ದೆವು? ನೆಲದಲ್ಲಿ ಹಿಮ್ಮಡಿ ತಿರುಗಿಸಿ ಕುಳಿ ತೋಡಿ, ಹತ್ತಿರ ಕೂತು, ಬೆರಳಲ್ಲಿ ಚಿಮ್ಮಿ ಚಿಮ್ಮಿ ಒಳಗೆ ಹಾಕುತ್ತಿದ್ದೆವು. ಇಷ್ಟು ದೂರಕ್ಕೆ ಇಷ್ಟು ಬಲ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ, ಬೆರಳಿಗೆ ತಾನಾಗಿ ಗೊತ್ತಾಗುತ್ತಿತ್ತು. ಗಾಲ್ಫಿನಲ್ಲೂ ಕಲಿಯಬೇಕಾದ ಮೊದಲ ವಿದ್ಯೆ ಇದೇ, ದೂರವನ್ನು ನೋಡಿ ಬಲವನ್ನು ಅಳೆಯುವುದು.

ಸ್ವಲ್ಪ ಲೆಕ್ಕ ನೋಡೋಣ. ಪೂರ್ತಿ ಕೋರ್ಸಿನಲ್ಲಿ 18 ಹೋಲ್. ಒಂದೊಂದಕ್ಕೂ 'ಪಾರ್' ಎಂಬ ಸಂಖ್ಯೆ ಇರುತ್ತದೆ, ಅಂದರೆ ಚೆನ್ನಾಗಿ ಆಡುವವರು ಇಷ್ಟು ಹೊಡೆತದಲ್ಲಿ ಮುಗಿಸಬೇಕು ಎಂಬ ಅಂದಾಜು. ಚಿಕ್ಕ ಹೋಲಿಗೆ 3, ಮಧ್ಯಮದ್ದಕ್ಕೆ 4, ಉದ್ದದ್ದಕ್ಕೆ 5. ಬಹಳಷ್ಟು ಕೋರ್ಸುಗಳಲ್ಲಿ ಎಲ್ಲ ಕೂಡಿಸಿದರೆ 72. ಈ ಅಂದಾಜನ್ನು ಕಟ್ಟುವಾಗಲೇ ಪ್ರತಿ ಗ್ರೀನಿನಲ್ಲಿ ಎರಡು ಪಟ್, ಅಂದರೆ ಪಟ್ಟರಿನ ಎರಡು ಹೊಡೆತ, ಎಂದು ಹಿಡಿದಿರುತ್ತಾರೆ. 18ನ್ನು ಎರಡರಿಂದ ಗುಣಿಸಿ, 36. ಎಪ್ಪತ್ತೆರಡರಲ್ಲಿ ಸರಿಯಾಗಿ ಅರ್ಧ! ಆಟದ ಅರ್ಧ ಭಾಗ ನಡೆಯುವುದು ಆ ನುಣ್ಣಗೆ ಕತ್ತರಿಸಿದ ಹುಲ್ಲಿನ ಮೇಲೆ, ನೆಲದಿಂದ ಚೆಂಡು ಏಳದೆ. ಡ್ರೈವರ್ ಬಳಸುವುದು ಹೆಚ್ಚೆಂದರೆ 14 ಸಲ. ಹಾಗಿದ್ದೂ ಹೊಸಬರು ಮೊದಲ ವರ್ಷವೆಲ್ಲ ಡ್ರೈವರ್ ಹಿಡಿದು ಬೆವರುತ್ತಾರೆ. ಇದನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ನಮ್ಮ ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ ಅವರನ್ನು ನೆನಪಿಸಿಕೊಳ್ಳಿ. 2021ರ ಆಗಸ್ಟಿನಲ್ಲಿ ಟೋಕಿಯೊ ಒಲಿಂಪಿಕ್ಸ್ ನಡೆದಾಗ ಗಾಲ್ಫ್ ಅಂದರೇನೆಂದು ಗೊತ್ತಿಲ್ಲದ ಮನೆಗಳಲ್ಲೂ ಬೆಳಗಿನ ಜಾವ ಎದ್ದು ಟೀವಿ ಹಾಕಿದರು. ನಾಲ್ಕು ದಿನ, 72 ಹೋಲ್, ಅದಿತಿ ತೆಗೆದುಕೊಂಡದ್ದು 269 ಹೊಡೆತ. ಕಂಚು ಗೆದ್ದ ನ್ಯೂಜಿಲೆಂಡಿನ ಲಿಡಿಯಾ ಕೋ 268. ಒಂದೇ ಹೊಡೆತದಲ್ಲಿ ಪದಕ ತಪ್ಪಿ ನಾಲ್ಕನೇ ಸ್ಥಾನ. ಅಮ್ಮನೇ ಕ್ಯಾಡಿಯಾಗಿ ಬ್ಯಾಗ್ ಹೊತ್ತು ಜೊತೆಗೆ ನಡೆದಿದ್ದರು. ಆಗ ವಿಶ್ವ ರ‍್ಯಾಂಕಿಂಗಿನಲ್ಲಿ ಅದಿತಿ 200ರ ಆಸುಪಾಸಿನಲ್ಲಿದ್ದರು. ಜೊತೆಗೆ ಆಡುತ್ತಿದ್ದವರು ಟೀಯಿಂದ, ಅಂದರೆ ಹೋಲ್ ಶುರುವಾಗುವ ಜಾಗದಿಂದ, ಅವರಿಗಿಂತ ಬಹಳ ಮುಂದಕ್ಕೆ ಹೊಡೆಯುತ್ತಿದ್ದರು. ಹಿಂದೆ ಉಳಿದ ಚೆಂಡನ್ನು ಅದಿತಿ ಗ್ರೀನಿಗೆ ತಂದು, ಪಟ್ಟರ್ ಹಿಡಿದು ನಿಂತರೆ, ಆ ಅಂತರವೆಲ್ಲ ಕರಗಿಹೋಗುತ್ತಿತ್ತು. ದೂರ ಹೊಡೆಯುವ ಬಲದಿಂದಲ್ಲ, ಹತ್ತಿರದ ಕೆಲಸದ ಬಲದಿಂದ ಅವರು ಆ ಒಲಿಂಪಿಕ್ಸಿನ ಮೊದಲ ನಾಲ್ವರಲ್ಲಿ ಒಬ್ಬರಾದರು. ನನ್ನ ಶಿಷ್ಯರಿಗೆ ಇದಕ್ಕಿಂತ ದೊಡ್ಡ ಉದಾಹರಣೆ ನಾನು ಕೊಡಲಾರೆ.

ಈಗ ಲೋಟಕ್ಕೆ ಬರೋಣ. ಗಾಲ್ಫ್ ಕುಳಿಯ ಅಡ್ಡಳತೆ 108 ಮಿಲಿಮೀಟರ್. ಚೆಂಡಿನದು 42.67ಕ್ಕಿಂತ ಕಡಿಮೆ ಇರಬಾರದು ಎಂದು ನಿಯಮ. ಎರಡು ಚೆಂಡನ್ನು ಅಕ್ಕಪಕ್ಕ ಇಟ್ಟರೂ ಕುಳಿಯಲ್ಲಿ ಹಿಡಿಸಿ ಇನ್ನೂ ಎರಡು ಸೆಂಟಿಮೀಟರ್ ಜಾಗ ಉಳಿಯುತ್ತದೆ. ಈ ಲೋಟದ ಬಾಯಿ ಸುಮಾರು 70 ಮಿಲಿಮೀಟರ್. ಇದನ್ನು ಜಮಖಾನದ ಒಂದು ತುದಿಯಲ್ಲಿ ಮಲಗಿಸಿ, ಬಾಯಿ ನಿಮ್ಮ ಕಡೆ ಇರಲಿ. ಬರೀ ನೆಲದ ಮೇಲೆ ಬೇಡ, ನಮ್ಮ ಹಳೇ ಮನೆಗಳ ಕೆಂಪು ಗಾರೆಯ ಮೇಲಂತೂ ಚೆಂಡು ನಿಲ್ಲುವುದೇ ಇಲ್ಲ. ಮೊದಲು ಪಟ್ಟರ್ ಮುಟ್ಟಬೇಡಿ. ಬಗ್ಗಿ, ಚೆಂಡನ್ನು ಕೈಯಲ್ಲೇ ಉರುಳಿಸಿ. ಮೂರಡಿಯಿಂದ ಹತ್ತು, ಆರಡಿಯಿಂದ ಹತ್ತು, ಒಂಬತ್ತಡಿಯಿಂದ ಹತ್ತು. ಎರಡು ದಿನ ಹೀಗೆ ಮಾಡಿದರೆ ಕೈಗೆ ದೂರ ಅರ್ಥವಾಗುತ್ತದೆ. ಮೂರನೇ ದಿನ ಪಟ್ಟರ್ ಹಿಡಿಯಿರಿ. ಲೋಟಕ್ಕೆ ಹಾಕಿ ರೂಢಿಯಾದವರು ಮೊದಲ ಸಲ ಗ್ರೀನಿಗೆ ಹೋದಾಗ ಕುಳಿ ಬಾವಿಯ ಹಾಗೆ ಕಾಣುತ್ತದೆ.

ಪಟ್ಟರ್ ಹಿಡಿದಾಗ ಮಣಿಕಟ್ಟು ಅಲ್ಲಾಡಬಾರದು. ಎರಡೂ ಭುಜ, ತೋಳು, ಕ್ಲಬ್ ಒಂದೇ ತುಂಡಿನ ಹಾಗೆ ತೂಗಬೇಕು. ತೊಟ್ಟಿಲು ತೂಗಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಷ್ಟು ಹಿಂದಕ್ಕೆ ಹೋಯಿತೋ ಅಷ್ಟೇ ಮುಂದಕ್ಕೆ, ಒಂದೇ ಲಯದಲ್ಲಿ. ನಡುವೆ ಜಗ್ಗಿದರೆ ಮಗು ಎಚ್ಚರಾಗುತ್ತದೆ. ದೂರ ಹೆಚ್ಚಾದರೆ ತೂಗು ಉದ್ದವಾಗಬೇಕೇ ಹೊರತು ರಭಸವಾಗಬಾರದು. ಹೊಸಬರ ತಪ್ಪು ಇಲ್ಲೇ: ಚಿಕ್ಕದಾಗಿ ಹಿಂದೆ ತಂದು, ಕೊನೇ ಗಳಿಗೆಯಲ್ಲಿ ಕುಟ್ಟುತ್ತಾರೆ. ಚೆಂಡು ಒಮ್ಮೆ ಎರಡಡಿ ಕಡಿಮೆ, ಒಮ್ಮೆ ಆರಡಿ ಹೆಚ್ಚು.

ನನಗೊಬ್ಬ ಶಿಷ್ಯೆ ಇದ್ದಾರೆ. ಬ್ಯಾಂಕಿನಿಂದ ನಿವೃತ್ತರಾದವರು, ಬಂದಾಗ 61 ವರ್ಷ. ಜೀವನದಲ್ಲಿ ಯಾವ ಆಟವನ್ನೂ ಆಡಿರಲಿಲ್ಲ. ಮೂರನೇ ವಾರದಲ್ಲಿ ಒಂದು ದಿನ ಪಟ್ ಮಾಡುತ್ತಾ ಮಾಡುತ್ತಾ ನಿಲ್ಲಿಸಿ, 'ಟೀಚರ್, ಇದು ರಂಗೋಲಿ ಎಳೆ ಎಳೆದ ಹಾಗೇ ಅಲ್ವಾ?' ಅಂದರು. ಕೈ ನಿಂತರೆ ಪುಡಿ ಗುಡ್ಡೆಯಾಗುತ್ತದೆ, ಕೈ ಓಡಿದರೆ ಎಳೆ ಹರಿಯುತ್ತದೆ, ಒಂದೇ ಸಮ ಹೋದರೆ ಮಾತ್ರ ಎಳೆ. ನಾನು ಹನ್ನೊಂದು ವರ್ಷ ಹೇಳಿಕೊಟ್ಟರೂ ನನಗೆ ಹೊಳೆಯದಿದ್ದ ಮಾತದು. ನಲವತ್ತು ವರ್ಷ ದಿನಾ ಬೆಳಿಗ್ಗೆ ಬಾಗಿಲಲ್ಲಿ ಪಳಗಿದ ಕೈ ಅವರದು. ಆಟ ಆಡಿಲ್ಲ ಎಂದು ಹಿಂಜರಿಯುವ ಹೆಂಗಸರಿಗೆ ನಾನು ಇದನ್ನೇ ಹೇಳುತ್ತೇನೆ. ನಿಮ್ಮ ಕೈಗೆ ಗೊತ್ತಿರುವುದು ಬಹಳ ಇದೆ.

ಪಟ್ಟಿಂಗ್ ಆದ ಮೇಲೆ ಚಿಪ್. ಗ್ರೀನಿನ ಅಂಚಿನಿಂದ ನಾಲ್ಕೈದು ಹೆಜ್ಜೆ ಆಚೆ ಚೆಂಡು ಬಿದ್ದಿದೆ, ನಡುವೆ ಸ್ವಲ್ಪ ಒರಟು ಹುಲ್ಲು. ಅದನ್ನು ದಾಟಿಸಿ ಗ್ರೀನಿನ ಮೇಲೆ ಇಳಿಸಿದರೆ ಉಳಿದದ್ದು ಉರುಳಿಕೊಂಡು ಹೋಗುತ್ತದೆ. ಇಲ್ಲಿ ಕುಳಿಯನ್ನು ನೋಡಬೇಡಿ. ಚೆಂಡು ಮೊದಲು ನೆಲ ಮುಟ್ಟಬೇಕಾದ ಜಾಗವನ್ನು ನೋಡಿ. ನಾನು ಅಲ್ಲಿ ಕರ್ಚೀಫ್ ಹಾಸುತ್ತೇನೆ, ಕರ್ಚೀಫಿನ ಮೇಲೆ ಬೀಳಿಸಿದರೆ ಸಾಕು, ಕುಳಿಯ ಚಿಂತೆ ಬೇಡ. ಕಾಲು ಹತ್ತಿರ ಹತ್ತಿರ, ಮೈಭಾರ ಗುರಿಯ ಕಡೆಗಿರುವ ಕಾಲಿನ ಮೇಲೆ, ಪಟ್ ಮಾಡಿದ ಅದೇ ತೂಗು. ಕೈಯಲ್ಲಿ ಮಾತ್ರ ಪಟ್ಟರ್ ಬದಲು ಪಿಚಿಂಗ್ ವೆಡ್ಜ್ ಅಥವಾ 7 ನಂಬರ್ ಐರನ್, ಅಂದರೆ ಮುಖ ಮೇಲಕ್ಕೆ ವಾಲಿರುವ, ಚೆಂಡನ್ನು ಎತ್ತುವ ಕ್ಲಬ್. ಚೆಂಡು ಗಾಳಿಯಲ್ಲಿ ಇರುವ ಹೊತ್ತು ಕಡಿಮೆಯಾದಷ್ಟೂ ತಪ್ಪು ಕಡಿಮೆ.

ಇಲ್ಲಿ ಒಂದು ಮಾತು ಪಕ್ಕಕ್ಕೆ ಹೇಳಿಬಿಡುತ್ತೇನೆ, ಕ್ಯಾಡಿಗಳ ಬಗ್ಗೆ. ನಮ್ಮ ನಾಡಿನಲ್ಲಿ ಈ ಆಟ ಬಂದದ್ದು ಬ್ರಿಟಿಷರ ಜೊತೆ. ಕಲ್ಕತ್ತೆಯಲ್ಲಿ 1829ರಲ್ಲಿ ಕ್ಲಬ್ ಕಟ್ಟಿದರು, ಬೆಂಗಳೂರು ಗಾಲ್ಫ್ ಕ್ಲಬ್ 1876ರದ್ದು. ಕ್ಲಬ್ಬಿನ ಸದಸ್ಯರ ಹೆಸರು ಗೋಡೆಯ ಮರದ ಹಲಗೆಗಳ ಮೇಲೆ ಚಿನ್ನದ ಅಕ್ಷರದಲ್ಲಿ ಉಳಿಯುತ್ತದೆ. ಬ್ಯಾಗ್ ಹೊತ್ತವರ ಹೆಸರು ಉಳಿಯುವುದಿಲ್ಲ. ಆದರೆ ಗ್ರೀನಿನ ಓರೆ ಎತ್ತ ಕಡೆಗಿದೆ, ಮಧ್ಯಾಹ್ನದ ಮೇಲೆ ಗಾಳಿ ಹೇಗೆ ತಿರುಗುತ್ತದೆ, ಮಳೆ ಬಂದ ಮಾರನೇ ದಿನ ಚೆಂಡು ಎಷ್ಟು ಓಡುತ್ತದೆ, ಈ ವಿದ್ಯೆಯನ್ನೆಲ್ಲ ತಲೆಯಲ್ಲಿಟ್ಟುಕೊಂಡು ಕಾಪಾಡಿದವರು ಅವರು. ಕೆಲವರು ಅಲ್ಲಿಂದಲೇ ಎದ್ದು ಬಂದಿದ್ದಾರೆ. ಬಿಡದಿ ಕಡೆಯ ಕೋರ್ಸಿನಲ್ಲಿ ಹುಡುಗನಾಗಿ ಕ್ಯಾಡಿ ಕೆಲಸ ಮಾಡಿದ ಎಸ್. ಚಿಕ್ಕರಂಗಪ್ಪ ಇವತ್ತು ದೇಶಕ್ಕೆ ಗೊತ್ತಿರುವ ವೃತ್ತಿಪರ ಆಟಗಾರ. ನೀವು ಮೊದಲ ಸಲ ಕೋರ್ಸಿಗೆ ಹೋದಾಗ ಕ್ಯಾಡಿಯನ್ನು ತೆಗೆದುಕೊಳ್ಳಿ. ಕನ್ನಡದಲ್ಲಿ ಮಾತಾಡಿ, ಅವರು ಹೇಳಿದ್ದನ್ನು ಕೇಳಿ, ಗೊತ್ತು ಮಾಡಿರುವ ಕೂಲಿಯ ಮೇಲೆ ಕೈಲಾದಷ್ಟು ಕೊಡಿ. ಹೆಸರು ಕೇಳಿ ಹೆಸರು ಹಿಡಿದು ಕರೆಯಿರಿ, ವಯಸ್ಸಾದವರಾದರೆ ಅಣ್ಣಾ ಅನ್ನಿ. ಕ್ಯಾಡಿ ಬಾ ಇಲ್ಲಿ ಎಂದು ಕೂಗುವವರ ಜೊತೆ ನಾನು ಎರಡನೇ ಸಲ ಆಡುವುದಿಲ್ಲ.

ಮತ್ತೆ ಆಟಕ್ಕೆ. ಚಿಪ್ ಬಂತು ಅಂದರೆ ಅರ್ಧ ಬೀಸು ಬರುತ್ತದೆ, ಅರ್ಧ ಬೀಸು ಬಂತು ಅಂದರೆ ಪೂರ್ತಿ ಬೀಸು. ಇಲ್ಲಿ ಹಿಡಿತದ ಮಾತು ಹೇಳಲೇಬೇಕು. ಎರಡೂ ಕೈಯನ್ನು ಹೇಗೆ ಹೆಣೆಯಬೇಕೆಂಬುದಕ್ಕೆ ಮೂರು ಕ್ರಮಗಳಿವೆ. ಬಲಗೈ ಕಿರುಬೆರಳು ಎಡಗೈ ಮೇಲೆ ಕೂರುವುದು, ತೋರುಬೆರಳಿನ ಜೊತೆ ಹೆಣೆದುಕೊಳ್ಳುವುದು, ಇಲ್ಲವೇ ಕ್ರಿಕೆಟ್ ಬ್ಯಾಟಿನ ಹಾಗೆ ಹತ್ತೂ ಬೆರಳು ಹಿಡಿಗೆ ತಾಗುವುದು. ಕೈ ಚಿಕ್ಕದಿರುವವರಿಗೆ, ಬೆರಳಲ್ಲಿ ನೋವಿರುವವರಿಗೆ ಮೂರನೆಯದೇ ಒಳ್ಳೆಯದು. ಯಾವುದಾದರೂ ಸರಿ, ಎಷ್ಟು ಬಿಗಿಯಾಗಿ ಹಿಡಿಯುತ್ತೀರಿ ಎಂಬುದು ಮುಖ್ಯ. ಬಿಗಿಯಾಗಿ ಹಿಡಿದರೆ ಮೊಣಕೈ ಬಿಗಿಯುತ್ತದೆ, ಭುಜ ಬಿಗಿಯುತ್ತದೆ, ಕ್ಲಬ್ಬಿನ ತಲೆ ಓಡುವುದೇ ಇಲ್ಲ.

ಒಂದು ಬೆಳಿಗ್ಗೆ ಹೊಸ ತಂಡಕ್ಕೆ ಇದನ್ನು ಹೇಳುತ್ತಿದ್ದೆ, ಯಾರಿಗೂ ಅರ್ಥವಾಗುತ್ತಿರಲಿಲ್ಲ. ಅಲ್ಲೇ ಮೂವತ್ತು ಅಡಿ ದೂರದಲ್ಲಿ ಮಾಲಿಯೊಬ್ಬರು ಗಿಡ ನೆಡಲು ಗುದ್ದಲಿಯಿಂದ ಗುಂಡಿ ತೆಗೆಯುತ್ತಿದ್ದರು. 'ಮಾತು ಸಾಕು, ಅವರನ್ನು ನೋಡಿ' ಅಂದೆ. ಎಲ್ಲರೂ ತಿರುಗಿ ನಿಂತು ಐದು ನಿಮಿಷ ನೋಡಿದೆವು. ಗುದ್ದಲಿ ಮೇಲೆ ಹೋಗುವಾಗ ಕಾವು ಬೆರಳುಗಳಲ್ಲಿ ಸಡಿಲವಾಗಿ ಕೂತಿತ್ತು. ಮೇಲೆ ಒಂದು ಕ್ಷಣ ತಡೆದು, ಆಮೇಲೆ ಕಬ್ಬಿಣ ತನ್ನ ಭಾರಕ್ಕೇ ಇಳಿಯುತ್ತಿತ್ತು, ಅವರು ದಾರಿ ತೋರಿಸುತ್ತಿದ್ದರು ಅಷ್ಟೇ. ಸೊಂಟ ಸ್ವಲ್ಪ ಮುಂಚೆ ತಿರುಗುತ್ತಿತ್ತು, ಕೈ ಹಿಂದಿನಿಂದ ಬರುತ್ತಿತ್ತು. ಪ್ರತಿ ಸಲ ಗುದ್ದಲಿಯ ಬಾಯಿ ಹಿಂದಿನ ಏಟಿನ ಪಕ್ಕದಲ್ಲೇ ಬೀಳುತ್ತಿತ್ತು, ಒಂದು ಬೆರಳು ಆಚೆಯಿಲ್ಲ, ಈಚೆಯಿಲ್ಲ. ದಿನವಿಡೀ ಅಗೆಯುವವರು ಕೈ ಬಿಗಿದರೆ ಹತ್ತು ಗಂಟೆಗೆಲ್ಲ ಸುಸ್ತಾಗಿ ಬೀಳುತ್ತಾರೆ. ಗಾಲ್ಫ್ ಬೀಸಿನ ಬಗ್ಗೆ ನಾನು ನೋಡಿದ ಅತ್ಯುತ್ತಮ ಪಾಠ ಅದು. ಆ ಮೇಲೆ ಅವರನ್ನು ಕರೆದು, ಕೈಗೆ 7 ಐರನ್ ಕೊಟ್ಟು ನಿಧಾನಕ್ಕೆ ಬೀಸಲು ಹೇಳಿದೆವು. ಹುಲ್ಲಿಗೆ ಕ್ಲಬ್ ತಾಗಿದ ಸದ್ದು ಶುದ್ಧವಾಗಿತ್ತು.

7 ಐರನ್ ಅಂದೆ. ಕ್ಲಬ್ಬುಗಳಲ್ಲಿ ನಂಬರ್ ಹೆಚ್ಚಾದಂತೆ ಮುಖ ಹೆಚ್ಚು ಮೇಲಕ್ಕೆ ವಾಲಿರುತ್ತದೆ, ಚೆಂಡು ಹೆಚ್ಚು ಎತ್ತರ ಹೋಗಿ ಹತ್ತಿರ ಬೀಳುತ್ತದೆ. ಡ್ರೈವರಿನ ವಾಲು ಹತ್ತು ಡಿಗ್ರಿಯ ಆಸುಪಾಸು, 7 ಐರನ್ ಮೂವತ್ತರ ಆಸುಪಾಸು, ಸ್ಯಾಂಡ್ ವೆಡ್ಜ್ ಐವತ್ತೈದು. ಹೊಸಬರ ಅತಿ ದೊಡ್ಡ ಕಷ್ಟ ಇಲ್ಲಿ ಹುಟ್ಟುತ್ತದೆ. ಚೆಂಡು ಮೇಲೇಳಬೇಕು ಅಂದರೆ ತಾವೇ ಅದನ್ನು ಎತ್ತಬೇಕು ಅಂದುಕೊಳ್ಳುತ್ತಾರೆ. ಸೌಟಿನಲ್ಲಿ ಸಾರು ಮೊಗೆದ ಹಾಗೆ ಕ್ಲಬ್ಬನ್ನು ಕೆಳಗಿನಿಂದ ಮೇಲಕ್ಕೆ ತರುತ್ತಾರೆ. ಆಗ ಕ್ಲಬ್ಬಿನ ಅಂಚು ಚೆಂಡಿನ ನೆತ್ತಿಗೆ ತಾಗಿ ಅದು ನೆಲದಲ್ಲೇ ಹರಿದು ಹೋಗುತ್ತದೆ. ಇದಕ್ಕೇ 'ಟಾಪ್' ಅನ್ನುವುದು. ಟಾಪ್ ಆಯಿತಲ್ಲ ಎಂದು ಮುಂದಿನ ಸಲ ಇನ್ನೂ ಎತ್ತುತ್ತಾರೆ, ಇನ್ನೂ ಕೆಡುತ್ತದೆ. ಚೆಂಡು ಮೇಲೆ ಹೋಗಬೇಕಾದರೆ ಕ್ಲಬ್ ಕೆಳಗೆ ಬರಬೇಕು. ಎತ್ತುವ ಕೆಲಸ ಕ್ಲಬ್ಬಿನ ಮುಖದ ವಾಲಿಗೆ ಸೇರಿದ್ದು, ನಿಮ್ಮದಲ್ಲ. ಮೊದಲು ಚೆಂಡು, ಆಮೇಲೆ ಮಣ್ಣು. ಚೆಂಡಿದ್ದ ಜಾಗದ ಮುಂದೆ ಹುಲ್ಲು ಕಿತ್ತಿದ್ದರೆ ಹೊಡೆತ ಸರಿ, ಹಿಂದೆ ಕಿತ್ತಿದ್ದರೆ ತಪ್ಪು. ರೇಂಜಿನ ಮ್ಯಾಟ್ ಮೇಲೆ ಇದು ಗೊತ್ತಾಗುವುದಿಲ್ಲ, ಹಿಂದೆ ಬಿದ್ದ ಕ್ಲಬ್ ಜಾರಿಕೊಂಡು ಹೋಗಿ ಚೆಂಡಿಗೆ ತಾಗಿಬಿಡುತ್ತದೆ. ಅದಕ್ಕೆ ಚೆಂಡಿನ ಹಿಂದೆ ಒಂದು ಗೇಣು ಬಿಟ್ಟು ಟವೆಲ್ ಮಡಿಸಿ ಇಡಿ. ಟವೆಲ್ ಮುಟ್ಟದೆ ಹೊಡೆಯಿರಿ.

ಕೊಡಗಿನ ತರುಣರೊಬ್ಬರು ಬಂದಿದ್ದರು, ಕಾಲೇಜಿನಲ್ಲಿ ಹಾಕಿ ಆಡಿದವರು. ಕಣ್ಣು ಚುರುಕು, ಮಣಿಕಟ್ಟಿನಲ್ಲಿ ಬಲ. ಆದರೆ ಪ್ರತಿ ಚೆಂಡೂ ಮೊದಲು ನೇರ ಹೊರಟು ಆಮೇಲೆ ಬಲಕ್ಕೆ ಬಾಗಿ ಕಾಡಿನೊಳಗೆ. ಇದನ್ನು ಸ್ಲೈಸ್ ಅನ್ನುತ್ತಾರೆ, ಹೊಸಬರಲ್ಲಿ ಹೆಚ್ಚಿನವರನ್ನು ಕಾಡುವ ದೋಷ. ಕ್ಲಬ್ ಬೀಸುವ ದಾರಿ ಎಡಕ್ಕೆ, ಕ್ಲಬ್ಬಿನ ಮುಖ ಆ ದಾರಿಗಿಂತ ಬಲಕ್ಕೆ ತೆರೆದುಕೊಂಡಿರುವುದರಿಂದ ಚೆಂಡು ಓರೆಯಾಗಿ ಸುತ್ತಿಕೊಂಡು ಬಾಗುತ್ತದೆ. ಅವರು ಬಾಗುವುದನ್ನು ತಪ್ಪಿಸಲು ಇನ್ನಷ್ಟು ಎಡಕ್ಕೆ ಬೀಸುತ್ತಿದ್ದರು, ಅದು ಬೆಂಕಿಗೆ ತುಪ್ಪ. ಚೆಂಡಿಗೂ ಕ್ಲಬ್ಬಿಗೂ ಸಂಪರ್ಕ ಇರುವುದು ಸೆಕೆಂಡಿನ ಎರಡು ಸಾವಿರ ಭಾಗಗಳಲ್ಲಿ ಒಂದರಷ್ಟು ಹೊತ್ತು. ಆ ಹೊತ್ತಿನಲ್ಲಿ ಯಾರೂ ಏನನ್ನೂ ತಿದ್ದಲಾರರು, ಹಿಡಿತದಲ್ಲೇ ತಿದ್ದಿಕೊಂಡು ಬರಬೇಕು. ಅವರ ಎಡಗೈಯನ್ನು ಹಿಡಿಯ ಮೇಲೆ ಸ್ವಲ್ಪ ಬಲಕ್ಕೆ ತಿರುಗಿಸಿ, ಮೇಲಿನಿಂದ ನೋಡಿದರೆ ಎರಡು ಗೆಣ್ಣು ಕಾಣುವ ಹಾಗೆ ಇಟ್ಟೆವು. ಒಂದು ತಿಂಗಳು ಅರ್ಧ ಬೀಸು ಮಾತ್ರ. ಆಮೇಲೆ ಚೆಂಡು ನೇರವಾಯಿತು. ಚಿಪ್ ಮಾಡುವುದರಲ್ಲಂತೂ ಹಾಕಿಯ ಕೈ ಅವರಿಗೆ ವರವೇ ಆಯಿತು.

ದುಡ್ಡಿನ ಮಾತು ನಿಮ್ಮ ಮನಸ್ಸಿನಲ್ಲಿರುತ್ತದೆ. ಕ್ಲಬ್ಬುಗಳ ಸದಸ್ಯತ್ವ ದುಬಾರಿ, ಅದು ನಿಜ, ನಮ್ಮಲ್ಲಿ ಈ ಆಟ ಇನ್ನೂ ಎಲ್ಲರ ಆಟವಾಗಿಲ್ಲ ಎಂಬ ನೋವು ನನಗೂ ಇದೆ. ಆದರೆ ಕಲಿಯಲು ಸದಸ್ಯರಾಗಬೇಕಿಲ್ಲ. ಕೆಲವು ರೇಂಜುಗಳು ಹೊರಗಿನವರಿಗೂ ತೆರೆದಿರುತ್ತವೆ, ಫೋನ್ ಮಾಡಿ ಕೇಳಿಕೊಂಡು ಹೋಗಿ. ಬ್ಯಾಗಿನಲ್ಲಿ 14 ಕ್ಲಬ್ಬಿಗಿಂತ ಹೆಚ್ಚು ಇರಬಾರದೆಂದು ನಿಯಮವಿದೆ, ಇಷ್ಟಾದರೂ ಇರಲೇಬೇಕೆಂಬ ನಿಯಮವಿಲ್ಲ. ಮೊದಲ ವರ್ಷಕ್ಕೆ ಒಂದು ಪಟ್ಟರ್, ಒಂದು ಸ್ಯಾಂಡ್ ವೆಡ್ಜ್, 9 ಮತ್ತು 7 ಐರನ್, ದೂರದ ಹೊಡೆತಕ್ಕೆ ಒಂದು ಹೈಬ್ರಿಡ್ ಕ್ಲಬ್. ಎಲ್ಲ ಸೆಕೆಂಡ್ ಹ್ಯಾಂಡ್. ಚೆಂಡು ಹೊಸದು ಬೇಡವೇ ಬೇಡ.

ಕೋರ್ಸಿಗೆ ಹೋಗುವ ಮುಂಚೆ ತಿಳಿದಿರಬೇಕಾದ ನಿಯಮ ಬಹಳ ಇಲ್ಲ. ಚೆಂಡು ಜನರ ಕಡೆ ಹೋದರೆ ಗಂಟಲು ಬಿಚ್ಚಿ 'ಫೋರ್' ಎಂದು ಕೂಗಬೇಕು. ನಿಮಗೆ ಆ ಕೂಗು ಕೇಳಿದರೆ ಎಲ್ಲಿಂದ ಎಂದು ತಿರುಗಿ ನೋಡಬೇಡಿ, ತಲೆಯನ್ನು ಕೈಯಿಂದ ಮುಚ್ಚಿ ಬಗ್ಗಿ. 46 ಗ್ರಾಂ ತೂಕದ ಗಟ್ಟಿ ಚೆಂಡು ಅದು. ಯಾರಾದರೂ ಬೀಸುವಾಗ ಅವರ ಹಿಂದೆ ಹೋಗಬೇಡಿ, ಮಕ್ಕಳನ್ನು ಕರೆತಂದರೆ ಕೈ ಬಿಡಬೇಡಿ. ಚೆಂಡು ಬಿದ್ದ ಹಾಗೇ ಆಡಬೇಕು, ಸರಿಸಬಾರದು. ಕಳೆದುಹೋದ ಚೆಂಡನ್ನು ಹುಡುಕಲು ಮೂರು ನಿಮಿಷ, 2019ಕ್ಕೆ ಮುಂಚೆ ಐದಿತ್ತು. ಬಂಕರ್ ಎಂಬ ಮರಳಿನ ತಗ್ಗಿನಲ್ಲಿ ನಿಮ್ಮ ಹೆಜ್ಜೆಯನ್ನು ಬಾಚಿ ಅಳಿಸಿ, ಗ್ರೀನಿನಲ್ಲಿ ಚೆಂಡು ಬಿದ್ದು ಆದ ತಗ್ಗನ್ನು ಸರಿಮಾಡಿ. ಪಾರಿನ ಎರಡರಷ್ಟು ಹೊಡೆತವಾದರೂ ಮುಗಿಯದಿದ್ದರೆ ಚೆಂಡು ಎತ್ತಿಕೊಂಡು ಮುಂದಿನ ಹೋಲಿಗೆ ಹೋಗಿ. ಹಿಂದೆ ಕಾಯುವವರು ನಿಮ್ಮನ್ನು ಪ್ರೀತಿಸುತ್ತಾರೆ.

ನಿಯಮದ ಮಾತು ಬಂದಾಗ ನನಗೆ ಬಹಳ ಇಷ್ಟವಾದ ಒಂದು ಸಂಗತಿ ಇದೆ. ನಮಗೆ ಸಿಕ್ಕಿರುವ ಅತಿ ಹಳೆಯ ಲಿಖಿತ ನಿಯಮಗಳು 1744ರವು. ಸ್ಕಾಟ್ಲೆಂಡಿನ ಎಡಿನ್‌ಬರೊ ಹತ್ತಿರ ಲೀತ್ ಎಂಬಲ್ಲಿ ಆಡುತ್ತಿದ್ದವರು ಬರೆದದ್ದು, ಒಟ್ಟು 13. ಅದರ ಮೊದಲ ನಿಯಮವೇ ಚೆಂಡನ್ನು ಕುಳಿಯಿಂದ ಒಂದು ಕೋಲಿನ ಅಳತೆಯೊಳಗೆ ಇಟ್ಟು ಶುರುಮಾಡಬೇಕು ಎಂದು. ಆಗ ಬೇರೆ ಟೀ ಜಾಗ ಇರಲಿಲ್ಲ, ಒಂದು ಕುಳಿ ಮುಗಿಸಿದ ಪಕ್ಕದಿಂದಲೇ ಮುಂದಿನ ಕುಳಿಗೆ ಹೊಡೆಯುತ್ತಿದ್ದರು. ಹೊಸ ಶಿಷ್ಯರಿಗೆ ನಾನು ಈ ನಿಯಮವನ್ನು ಮೊದಲ ದಿನ ಹೇಳುತ್ತೇನೆ. ಕುಳಿಯ ಪಕ್ಕದಲ್ಲಿ ನಿಂತು ಶುರುಮಾಡುವುದಕ್ಕೆ ಅಷ್ಟು ಹಳೆಯ ಆಧಾರವಿದೆ.

ಇನ್ನು ಹ್ಯಾಂಡಿಕ್ಯಾಪ್, ಅಂದರೆ ಆಟಗಾರರ ಮಟ್ಟ ನೋಡಿ ಕೊಡುವ ಹೊಡೆತದ ರಿಯಾಯಿತಿ. ಬೇರೆ ಯಾವ ಆಟದಲ್ಲೂ ಇಷ್ಟು ಚೆಂದದ ಏರ್ಪಾಡನ್ನು ನಾನು ಕಂಡಿಲ್ಲ. 2020ರಿಂದ ಜಗತ್ತಿಗೆಲ್ಲ ಒಂದೇ ಪದ್ಧತಿ. ನಿಮ್ಮ ಸ್ಕೋರು ಕೊಟ್ಟುಕೊಂಡು ಹೋದರೆ ನಿಮಗೊಂದು ಸಂಖ್ಯೆ ಸಿಗುತ್ತದೆ, ಗಂಡಸಿಗಾಗಲಿ ಹೆಂಗಸಿಗಾಗಲಿ ಗರಿಷ್ಠ 54. ಸುಲಭಕ್ಕೆ ಹೀಗೆ ಹಿಡಿಯಿರಿ: ಮಗಳು 82 ಹೊಡೆತದಲ್ಲಿ ಮುಗಿಸಿದಳು, ಅವಳಿಗೆ 10 ಹೊಡೆತದ ರಿಯಾಯಿತಿ. ಅಪ್ಪ 108ರಲ್ಲಿ ಮುಗಿಸಿದರು, ಅವರಿಗೆ 36. ಇಬ್ಬರದೂ 72, ಆಟ ಸಮ. ಖೋಖೋದಲ್ಲಿ ನನ್ನ ಮಂಡಿ ನನ್ನನ್ನು ಹೊರಗೆ ಕೂರಿಸಿತು. ಇಲ್ಲಿ ನಾನು ನನ್ನ ವಿದ್ಯಾರ್ಥಿಯ ಮೊಮ್ಮಗಳ ಜೊತೆ ಸರಿಸಮ ಆಡುತ್ತೇನೆ.

ಎಷ್ಟು ದಿನ ಬೇಕು ಎಂದು ಬಾಗಿಲ ಹತ್ತಿರ ಕೂತವರೊಬ್ಬರು ಆಗಲೇ ಕೇಳಿದರು. ವಾರಕ್ಕೆ ಮೂರು ದಿನ, ದಿನಕ್ಕೆ ಒಂದು ಗಂಟೆ, ಮನೆಯಲ್ಲಿ ಲೋಟದ ಮುಂದೆ ಹದಿನೈದು ನಿಮಿಷ. ರೇಂಜಿನಲ್ಲಿ ಮೂವತ್ತು ಚೆಂಡಿಗಿಂತ ಹೆಚ್ಚು ಹೊಡೆಯಬೇಡಿ, ನಲವತ್ತು ದಾಟಿದವರಂತೂ ಮೊದಲು ಸೊಂಟ, ಭುಜ ಸಡಿಲಿಸಿಕೊಳ್ಳದೆ ಕ್ಲಬ್ ಎತ್ತಲೇಬೇಡಿ. ಹೀಗೆ ಮಾಡಿದರೆ ಮೂರು ತಿಂಗಳಿಗೆ ಚಿಕ್ಕ ಹೋಲುಗಳನ್ನು ಆಡಬಹುದು, ಆರು ತಿಂಗಳಿಗೆ ಒಂಬತ್ತು ಹೋಲ್. ಡ್ರೈವರ್ ನಾನು ಕೊಡುವುದು ಆಮೇಲೆ. ಆಗ ಅದು ಹೊಸ ವಿದ್ಯೆ ಅನ್ನಿಸುವುದಿಲ್ಲ, ಅದೇ ತೂಗು, ಉದ್ದನೆಯ ಕೋಲು, ಟೀ ಎಂಬ ಪುಟ್ಟ ಗೂಟದ ಮೇಲೆ ಕೂತ ಚೆಂಡು.

ರಂಗೋಲಿ ಎಳೆಯ ಮಾತು ಹೇಳಿದ ನನ್ನ ಶಿಷ್ಯೆ ಮೊದಲ ಸಲ ಪಾರ್ 3 ಹೋಲ್ ಆಡಿದ್ದು ಡಿಸೆಂಬರಿನ ಒಂದು ಬೆಳಿಗ್ಗೆ. ಚಾಮುಂಡಿ ಬೆಟ್ಟದ ಮೇಲೆ ಇನ್ನೂ ಮಂಜಿತ್ತು. 7 ಐರನ್ ಹೊಡೆತ ಗ್ರೀನಿಗೆ ಹತ್ತು ಗಜ ಮುಂಚೆಯೇ ನಿಂತಿತು. ಚಿಪ್ ಮಾಡಿ ಮೇಲೇರಿಸಿದರು, ಕುಳಿಗೆ ಇನ್ನೂ ಇಪ್ಪತ್ತಡಿ. ಪಟ್ಟರ್ ಹಿಡಿದು ಬಹಳ ಹೊತ್ತು ನೋಡಿದರು. ಚೆಂಡು ನೇರ ಹೋಗಿ, ಕೊನೆಯ ನಾಲ್ಕಡಿಯಲ್ಲಿ ಬೆಟ್ಟದಿಂದ ಆಚೆಗೆ ಬಾಗಿ, ಕುಳಿಯ ಅಂಚಿಗೆ ತಾಗಿ ಗೇಣು ದೂರದಲ್ಲಿ ನಿಂತಿತು. ಅದನ್ನು ತಟ್ಟಿ ಒಳಗೆ ಹಾಕಿದರು, ಒಟ್ಟು ನಾಲ್ಕು. ಆಮೇಲೆ ನೋಡಿದರೆ, ಹುಲ್ಲಿನ ಮೇಲೆ ಬಿದ್ದಿದ್ದ ಇಬ್ಬನಿಯಲ್ಲಿ ಚೆಂಡು ಹೋದ ದಾರಿ ಕಪ್ಪು ಗೆರೆಯಾಗಿ ಮೂಡಿತ್ತು. ಇಪ್ಪತ್ತಡಿ ಉದ್ದದ ಒಂದೇ ಎಳೆ, ಎಲ್ಲೂ ತಡೆದಿಲ್ಲ. ಅವರು ಫೋನ್ ತೆಗೆದು ಮೂರು ಕಡೆಯಿಂದ ಫೋಟೋ ಹಿಡಿದರು. ಹುಲ್ಲು ಕತ್ತರಿಸಲು ಯಂತ್ರ ತಳ್ಳಿಕೊಂಡು ಬಂದಿದ್ದ ಮಾಲಿ ಅದನ್ನು ಆರಿಸಿ, ಅವರ ಫೋಟೋ ಮುಗಿಯುವವರೆಗೂ ಗ್ರೀನಿನ ಅಂಚಿನಲ್ಲೇ ನಿಂತಿದ್ದರು.